ಕಂಡಕ್ಟ್ರು ಮತ್ತು ಮೋತಿಯ ಬಲಗಾಲು

ಬೀದಿಯ ತಿರುವಿನ ಕರೆಂಟ್ ಕಂಬಕ್ಕೆ ಅವರ ಫ್ಲೆಕ್ಸ್ ಕಟ್ಟಿದ್ದರು. ಊರಿಗೆ ಹೋಗಿ ಅಂದು ಬೆಳಿಗ್ಗೆಯಷ್ಟೇ ಮರಳಿದ್ದ ಹೂವಿನವಳು ನನ್ನನ್ನು ತಡೆದು, "ಯಾರಕ್ಕಾ ಇದು ತೀರ್ಕೊಂಡಿರೋರು?" ಎಂದು ಕೇಳಿದಳು. ಫೋಟೋದ ಕೆಳಗೆ ಹೆಸರು ದೊಡ್ಡದಾಗಿಯೇ ಇತ್ತು, ಅವಳಿಗೆ ಓದಲೂ ಬರುತ್ತದೆ. ಆದರೆ ಆ ಹೆಸರಿನಿಂದ ಅವರನ್ನು ಈ ಬೀದಿಯಲ್ಲಿ ಯಾರೂ ಕರೆದವರಲ್ಲ. ಫೋಟೋದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅವರು ಕೂತದ್ದನ್ನು ಕೂಡ ಯಾರೂ ಕಂಡವರಲ್ಲ.

"ಕಂಡಕ್ಟ್ರು" ಎಂದೆ.

ಅವಳು ಮೊಳ ಹಾಕುತ್ತಿದ್ದ ಹೂವನ್ನು ಹಾಗೇ ಬುಟ್ಟಿಗೆ ಬಿಟ್ಟಳು. "ಅಯ್ಯೋ, ನಮ್ ಕಂಡಕ್ಟ್ರಣ್ಣನಾ? ಕೂತವ್ರಲ್ಲ, ಗುರ್ತೇ ಸಿಗ್ಲಿಲ್ಲ."

ಆ ಫೋಟೋ ಅವರು ನಿವೃತ್ತರಾದ ದಿನದ್ದು. ಹಾರ ಹಾಕಿ, ಭುಜ ಒತ್ತಿ ಕೂರಿಸಿ ತೆಗೆದದ್ದಂತೆ. ಮುಖದಲ್ಲಿ ಈಗ ಏಳುತ್ತೇನೆ, ಈಗ ಏಳುತ್ತೇನೆ ಎನ್ನುವ ಆತುರವಿದೆ.

ದೊಮ್ಮಲೂರಿನ ಹಳೇ ಊರಿನಲ್ಲಿ ಅವರ ಮನೆ. ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಇಂದಿರಾನಗರದ ಆಫೀಸಿಗೆ ನಡೆದೇ ಹೋಗುವಷ್ಟು ಹತ್ತಿರ. ಅವರ ತಂದೆಯ ಕಾಲಕ್ಕೆ ಇವರದು ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ಹೊಲವಿದ್ದ ಕಡೆ ಈಗ ಗಾಜಿನ ಆಫೀಸುಗಳಿವೆ. ಉಳಿದದ್ದು ಮನೆ, ಹಿತ್ತಲು, ಹಿತ್ತಲಲ್ಲೊಂದು ತೆಂಗಿನ ಮರ, ಮತ್ತು ದನಗಳಿಲ್ಲದ ಒಂದು ಕೊಟ್ಟಿಗೆ. ಅಣ್ಣತಮ್ಮಂದಿರೆಲ್ಲ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು ನೆಮ್ಮದಿಯಾಗಿದ್ದಾಗ ಇವರು ಸಿಟಿ ಬಸ್ಸಿಗೆ ಕಂಡಕ್ಟರಾಗಿ ಸೇರಿ, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಯಾಕೆಂದು ಒಮ್ಮೆ ಕೇಳಿದ್ದೆ. "ಬಾಡಿಗೆ ಅನ್ನೋದು ಕೂತು ತಿನ್ನೋ ಅನ್ನ ತಾಯಿ. ನಂಗೆ ಕೂತ್ರೆ ಜೀರ್ಣ ಆಗಲ್ಲ" ಎಂದರು.

ಅದು ಬರೀ ಮಾತಾಗಿರಲಿಲ್ಲ. ಬೆಳಗಿನ ಕಾಫಿಯನ್ನು ಅವರು ಹಿತ್ತಲಲ್ಲಿ ನಿಂತೇ ಕುಡಿಯುತ್ತಿದ್ದರು. ಎಡಭುಜ ತೆಂಗಿನ ಮರಕ್ಕೆ ಆನಿಸಿ, ಕಾಲು ಅಗಲಿಸಿ, ಮಂಡಿಗಳನ್ನು ತುಸುವೇ ಬಗ್ಗಿಸಿ. ಬಸ್ಸಿನ ಕಂಬಕ್ಕೆ ಒರಗಿ ಟಿಕೆಟ್ ಕೊಟ್ಟ ಭುಜ ಅದು. ಹೊರಗೆ ಸಿಮೆಂಟ್ ಲಾರಿ ಹೋಗಿ ನೆಲ ಅದುರಿದರೆ ಅವರ ಮೈ ತಾನಾಗಿ ಒಂದಿಷ್ಟು ತೂಗುತ್ತಿತ್ತು. ಲೋಟದ ಕಾಫಿ ಮಾತ್ರ ತುಳುಕುತ್ತಿರಲಿಲ್ಲ. ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ ಬಾಗಿಲಲ್ಲಿ ನಿಂತು ಬಂದವರನ್ನು "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ" ಎಂದು ಬರಮಾಡಿಕೊಳ್ಳುತ್ತಿದ್ದರು. ಬಂದವರು ನಕ್ಕರೆ ಯಾಕೆ ನಗುತ್ತಿದ್ದಾರೆಂದು ಇವರಿಗೆ ತಿಳಿಯುತ್ತಿರಲಿಲ್ಲ.

ಅಷ್ಟು ವರ್ಷ ನಿಂತದ್ದಕ್ಕೆ ಹಿಮ್ಮಡಿಯ ನೋವು ಬಂದಿತ್ತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಲ್ಲು ಕಚ್ಚುವುದು ಮೇಲಿನ ಮಹಡಿಗೂ ಕಾಣುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಬೈಯುತ್ತಿದ್ದರು: "ಡಾಕ್ಟ್ರು ಕೂತ್ಕೊಳಿ ಅಂದ್ರೆ ಏನೋ ಬೈದಂಗೆ ಎದ್ದು ಬರ್ತಾರೆ. ದೇವ್ರು ಇವ್ರಿಗೆ ಅದೊಂದನ್ನ ಯಾಕೆ ಕೊಟ್ಟವ್ನೋ, ಸುಮ್ನೆ ದಂಡ."

ಇಂಥವರ ಕೊಟ್ಟಿಗೆಗೆ ಒಂದು ಮಧ್ಯಾಹ್ನ ಕುದುರೆ ಬಂತು.

ನಾನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಗೇಟಿನ ಮುಂದೆ ಗೂಡ್ಸ್ ಟೆಂಪೋ ನಿಂತಿತ್ತು. ಹಲಗೆ ಇಟ್ಟು, ಗೋಣಿಚೀಲ ಹಾಸಿ, ಬಿಳಿ ಕುದುರೆಯೊಂದನ್ನು ಇಳಿಸುತ್ತಿದ್ದರು. ಅದು ಮೂರು ಕಾಲಲ್ಲಿ ಇಳಿಯಿತು. ಮುಂದಿನ ಬಲಗಾಲನ್ನು ಮೇಲೆತ್ತಿ, ಗೊರಸಿನ ತುದಿಯನ್ನು ನೆಲಕ್ಕೆ ಸೋಕಿಸಿದ ಹಾಗೆ ಮಾಡಿ, ಮತ್ತೆ ಎತ್ತಿಕೊಳ್ಳುತ್ತಿತ್ತು. ಪಕ್ಕದಲ್ಲಿ ಮದರಂಗಿ ಹಚ್ಚಿ ಕೇಸರಿಯಾದ ಗಡ್ಡದ ಮುದುಕರೊಬ್ಬರು ಅದರ ಕುತ್ತಿಗೆಗೆ ಕೆನ್ನೆ ಒತ್ತಿ ನಡೆಯುತ್ತಿದ್ದರು.

ಅವರು ಶಿವಾಜಿನಗರದ ಸಾಹೇಬರು. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವ ಕೆಲಸ ಅವರ ಅಪ್ಪನ ಕಾಲದಿಂದಲೂ ಬಂದದ್ದು. ಕಂಡಕ್ಟರ ಟ್ರಿಪ್ಪು ಮುಗಿಯುತ್ತಿದ್ದದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿನ ಚಹಾದ ಅಂಗಡಿಯಲ್ಲಿ ಒಬ್ಬರು ನಿಂತು, ಒಬ್ಬರು ಕೂತು ಬೆಳೆಸಿದ ಸ್ನೇಹ. ಹಲಸೂರಿನ ಒಂದು ಮೆರವಣಿಗೆಯಲ್ಲಿ ಕುದುರೆ ಶಾಮಿಯಾನದ ಮೊಳೆ ತುಳಿದಿತ್ತು. ಕಿತ್ತು ಅರಿಶಿನ ಮೆತ್ತಿದರು, ಸರಿಹೋಯಿತೆಂದುಕೊಂಡರು. ಮೇಲೆ ಮುಚ್ಚಿಕೊಂಡ ಗಾಯ ಒಳಗೆ ಕೀವಾಯಿತು. ಸಾಹೇಬರ ಗಲ್ಲಿಯಲ್ಲಿ ಕುದುರೆ ಕಟ್ಟುವ ಜಾಗ ಚರಂಡಿಯ ಪಕ್ಕದ ಒದ್ದೆ ಕಲ್ಲುಚಪ್ಪಡಿ. ಒಣ ನೆಲ ಬೇಕು ಎಂದು ಯಾರೋ ಹೇಳಿದಾಗ ಕಂಡಕ್ಟರಿಗೆ ತಮ್ಮ ಕೊಟ್ಟಿಗೆ ನೆನಪಾಗಿದೆ.

"ಪಂಕ್ಚರ್ ಕಣಮ್ಮಾ, ಪಂಕ್ಚರ್" ಎಂದರು ನನ್ನನ್ನು ಕಂಡು. "ಸ್ಟೆಪ್ನಿ ಇಲ್ದಿರೋ ಗಾಡಿ ಇದು. ಇದೇ ಚಕ್ರ ರೆಡಿ ಆಗ್ಬೇಕು."

"ಅದರ ಹೆಸರೇನು?" ಎಂದು ಕೇಳಿದೆ.

"ಮೋತಿ. ಅದರ ಅಲ್ಲ, ಅವಳ ಅನ್ನು. ಪ್ಯಾಸೆಂಜರ್‌ನ ಯಾರಾದ್ರೂ ಅದು ಅಂತಾರಾ?"

ಡಾಕ್ಟರಮ್ಮ ಬಂದರು. ಪ್ರಾಣಿಗಳ ಡಾಕ್ಟರು, ಚಿಕ್ಕ ವಯಸ್ಸು, ಸ್ಕೂಟರಿನಲ್ಲಿ ಬರುತ್ತಿದ್ದರು. ಗೊರಸನ್ನು ಇಕ್ಕಳದಂಥದ್ದರಿಂದ ಅಲ್ಲಲ್ಲಿ ಒತ್ತಿ ನೋಡಿ, ಒಂದು ಕಡೆ ಮೋತಿ ಮೈಯೆಲ್ಲ ನಡುಗಿಸಿದಾಗ, ಅಲ್ಲಿಯೇ ಬಾಗಿದ ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಹೆರೆದರು. ಕಪ್ಪು ನೀರಿನಂಥ ಕೀವು ಚಿಮ್ಮಿತು. ನಾನು ಮೂಗು ಮುಚ್ಚಿಕೊಂಡೆ. ಕಾಲು ಹಿಡಿದುಕೊಂಡಿದ್ದ ಕಂಡಕ್ಟರು ಮುಖ ಕೂಡ ತಿರುಗಿಸಲಿಲ್ಲ. ಸಾಹೇಬರು ಮೋತಿಯ ಕಣ್ಣಿಗೆ ಅಂಗೈ ಮುಚ್ಚಿ ಏನೋ ಪಿಸುಗುಡುತ್ತಿದ್ದರು.

"ಮೊಳೆ ಆಳಕ್ಕೆ ಹೋಗಿದೆ" ಎಂದರು ಡಾಕ್ಟರಮ್ಮ. "ಇಂಜೆಕ್ಷನ್ ಕೊಟ್ಟಿದೀನಿ. ದಿನಾ ಬಿಸಿನೀರು, ಉಪ್ಪು, ಕಟ್ಟು. ಕೀವು ಮೂಳೆಗೆ ಮುಟ್ಟಿಲ್ಲ ಅನ್ಕೊಂಡಿದೀನಿ. ಆದ್ರೆ ಅವಳು ಈ ಕಾಲು ಊರ್ಬೇಕು. ಊರದೆ ಹೋದ್ರೆ ಭಾರ ಎಲ್ಲಾ ಆ ಕಡೆ ಕಾಲಿಗೆ. ಅದೂ ಕೆಡುತ್ತೆ. ಎರಡೂ ಹೋದ್ರೆ..." ಸಾಹೇಬರ ಕಡೆ ನೋಡಿ ಮಾತು ನಿಲ್ಲಿಸಿದರು. ಆಮೇಲೆ ನಿಧಾನವಾಗಿ, "ಕುದುರೆ ಮಲಗಿ ಬದುಕೋಕಾಗಲ್ಲ. ನೋವಿಲ್ದೆ ಕಳಿಸ್ಕೊಡೋದೇ ದಯೆ ಆಗುತ್ತೆ" ಎಂದರು.

ಸಾಹೇಬರು ಕೊಟ್ಟಿಗೆಯಿಂದ ಹೊರಗೆ ಹೋದರು. ಕಂಡಕ್ಟರು ಹಿಡಿದ ಕಾಲು ಬಿಡದೆ ಹೇಳಿದರು: "ಲಾಸ್ಟ್ ಸ್ಟಾಪ್ ಬರೋ ತನಕ ನಾನು ಯಾರ್ನೂ ಇಳ್ಸಲ್ಲ ಡಾಕ್ಟ್ರಮ್ಮಾ."

ಬಾಗಿಲಲ್ಲಿ ಬಿಸಿನೀರಿನ ಬಕೆಟ್ ಹಿಡಿದಿದ್ದ ಅಕ್ಕ, "ಎಷ್ಟು ಜನನ್ನ ದಾರಿ ಮಧ್ಯ ಇಳ್ಸಿದೀರೋ, ಆ ಸಿಗ್ನಲ್ಲಿಗೇ ಗೊತ್ತು" ಎಂದರು. ಆದರೆ ಬಕೆಟ್ಟನ್ನು ಕೆಳಗಿಡುವಾಗ ಅವರ ಕೈ ಹುಷಾರಾಗಿತ್ತು.

ಅಲ್ಲಿಂದ ಮುಂದೆ ಹಿತ್ತಲಿನ ದಿನಚರಿಯೇ ಬೇರೆಯಾಯಿತು. ಬೆಳಿಗ್ಗೆ ಹಂಡೆಯ ನೀರು ಮೊದಲು ಮೋತಿಗೆ, ಆಮೇಲೆ ಮನೆಯವರಿಗೆ. ಬಾಂಡ್ಲಿಯಲ್ಲಿ ಉಪ್ಪುನೀರು, ಅದರೊಳಗೆ ಗೊರಸು. ನೀರು ಆರುವವರೆಗೆ ಕಂಡಕ್ಟರು ಪಕ್ಕದಲ್ಲಿ, ನಿಂತು. ಆಮೇಲೆ ಒರೆಸಿ, ಮದ್ದು ತುಂಬಿ, ಹತ್ತಿ ಇಟ್ಟು ಕಟ್ಟಬೇಕು. ಹತ್ತಿ ಜಾರಿ ಹೋಗುತ್ತಿದ್ದರಿಂದ ಡಾಕ್ಟರಮ್ಮನೇ ಒಂದು ಉಪಾಯ ಹೇಳಿದರು: ಮಕ್ಕಳ ಡೈಪರು. ಮೆಡಿಕಲ್ ಶಾಪಿಗೆ ಕಂಡಕ್ಟರ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು, "ಮಗೂಗೆ ಎಷ್ಟು ತಿಂಗಳು ಸಾರ್?" ಎಂದ. "ತಿಂಗಳಲ್ಲಪ್ಪಾ, ಒಂಬತ್ತು ವರ್ಷ. ನಾಲ್ಕು ಕಾಲು, ಒಂದು ಬಾಲ" ಎಂದರು ಇವರು, ಗಂಭೀರವಾಗಿ. ಡೈಪರಿನ ಮೇಲೆ ಟೇಪು ಸುತ್ತಿ, ಅದರ ಮೇಲೆ ಲಾರಿ ಟ್ಯೂಬು ಕತ್ತರಿಸಿ ಮಾಡಿದ ಚೀಲ. ಟ್ಯೂಬು ಕೊಟ್ಟದ್ದು ಪಂಕ್ಚರ್ ಅಂಗಡಿಯವನು.

ನೋವಿನ ಕಾಲನ್ನು ಬೇರೆಯವರ ಕೈಗೆ ಕೊಡುವುದು ಯಾವ ಜೀವಕ್ಕೂ ಸುಲಭವಲ್ಲ. ಮೋತಿ ಕೊಡುತ್ತಿದ್ದದ್ದು ಸಾಹೇಬರ ಒಂದು ಮಾತಿನಿಂದ. ಮರಿಯಾಗಿದ್ದಾಗಿನಿಂದ ಅವರು ಕಲಿಸಿದ್ದು, ಈಗ ಕಂಡಕ್ಟರೂ ಹೇಳುತ್ತಿದ್ದದ್ದು ಅದು. ಕೆಲಸ ಮುಗಿಯಿತು, ಇನ್ನು ಸಾಕು, ಕಾಲಿಳಿಸಿ ಅಲ್ಲಾಡದೆ ನಿಲ್ಲು ಎನ್ನುವುದಕ್ಕೆ ಅವರ ಉರ್ದುವಿನಲ್ಲಿ "ಬಸ್." ಮೆರವಣಿಗೆಯಲ್ಲೂ ಅದೇ. ಬ್ಯಾಂಡು ನಿಂತಾಗ "ಬಸ್" ಎಂದರೆ ಸರಪಟಾಕಿ ಹೊಡೆದರೂ ಮೋತಿ ಕಲ್ಲಿನಂತೆ ನಿಲ್ಲುತ್ತಿದ್ದಳಂತೆ. ಆ ಮಾತಿಗಾಗಿ ಕಾದು, ಅದು ಬರುತ್ತದೆಂಬ ನಂಬಿಕೆಯಿಂದಲೇ ಅವಳು ನೋವನ್ನು ತಡೆದುಕೊಳ್ಳುತ್ತಿದ್ದಳೆಂದು ನನಗನ್ನಿಸುತ್ತಿತ್ತು.

ಕಂಡಕ್ಟರಿಗೆ ಇದು ದೊಡ್ಡ ತಮಾಷೆ. "ನೋಡಮ್ಮಾ, ಜೀವಮಾನ ಎಲ್ಲಾ ಬಸ್ ನಿಲ್ಸಿದೋನು ನಾನು. ಈಗ ಬಸ್ ಅಂದ್ರೆ ಕುದುರೆ ನಿಲ್ಲುತ್ತೆ!"

ಶುಕ್ರವಾರ ನಮಾಜು ಮುಗಿಸಿ ಸಾಹೇಬರು ಬರುತ್ತಿದ್ದರು. ಅಕ್ಕ ಹಿತ್ತಲ ಜಗಲಿಯ ಮೇಲೆ ಎಲೆ ಹಾಕಿ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತಿದ್ದರು. ಎರಡನೇ ಮುದ್ದೆ ತಂದರೆ ಸಾಹೇಬರು ಎರಡೂ ಕೈ ಆಡಿಸಿ, "ಬಸ್ ಭಾಬಿ, ಬಸ್ ಬಸ್!" ಎನ್ನುತ್ತಿದ್ದರು. ಆ ಕಡೆ ಕೊಟ್ಟಿಗೆಯಲ್ಲಿ ಹುಲ್ಲು ಅಗಿಯುವ ಸದ್ದು ತಟ್ಟನೆ ನಿಲ್ಲುತ್ತಿತ್ತು. ಬಾಯಿಂದ ಹುಲ್ಲಿನ ಕಡ್ಡಿ ಇಳಿಬಿಟ್ಟು, ಕಿವಿ ನೆಟ್ಟಗೆ ಮಾಡಿ, ಮೋತಿ ಚಿತ್ರದ ಕುದುರೆಯಾಗಿಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಆದರೂ ಬಲಗಾಲು ಮಾತ್ರ ಊರುತ್ತಿರಲಿಲ್ಲ. ತುದಿ ಸೋಕಿಸಿ ನಿಲ್ಲುತ್ತಿದ್ದಳು, ಅಷ್ಟೇ. ನಗು ಮುಗಿದ ಮೇಲೆ ಎಲ್ಲರ ಕಣ್ಣೂ ಆ ತುದಿಗೇ ಹೋಗುತ್ತಿತ್ತು.

ಮುಂದಿನ ಸಲ ಬಂದಾಗ ಡಾಕ್ಟರಮ್ಮ ಗಾಯ ನೋಡಿ ಸಮಾಧಾನಪಟ್ಟರು. ಕೀವು ನಿಂತಿತ್ತು. ಎಡಗಾಲನ್ನು ಮುಟ್ಟಿ ನೋಡಿದಾಗ ಮಾತ್ರ ಅವರ ಮುಖ ಬದಲಾಯಿತು. ಗೊರಸು ಬೆಚ್ಚಗಿತ್ತು. "ಗಾಯ ವಾಸಿಯಾಗ್ತಿದೆ. ಇವಳು ಹೆದರಿದಾಳೆ. ನೋವಿನ ನೆನಪಿಗೇ ಕಾಲು ಊರ್ತಿಲ್ಲ" ಎಂದರು. "ಮೆತ್ತನೆ ಮಣ್ಣಲ್ಲಿ ದಿನಾ ಸ್ವಲ್ಪ ನಡೆಸಿ. ಮುಂದಿನ ಸಲ ನಾನು ಬರೋ ಹೊತ್ತಿಗೆ ಊರಿರ್ಬೇಕು. ಇಲ್ಲಾಂದ್ರೆ ಕೂತು ಮಾತಾಡೋಣ."

"ನಿಂತೇ ಮಾತಾಡೋಣ" ಎಂದರು ಕಂಡಕ್ಟರು. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಮೆತ್ತನೆ ಮಣ್ಣು ಇದ್ದದ್ದು ಮುಖ್ಯರಸ್ತೆಯ ಆಚೆಯ ಮೈದಾನದಲ್ಲಿ. ಬೆಳಕು ಹರಿದ ಕೂಡಲೇ, ಗಾಡಿಗಳು ಹೆಚ್ಚಾಗುವ ಮೊದಲು ದಾಟಿಸಿಬಿಡುವುದೆಂದು ಮಾತಾಯಿತು. ಅಕ್ಕ ನನ್ನನ್ನು ಕರೆದು, "ಒಬ್ರೇ ಕರ್ಕೊಂಡ್ ಹೋಗ್ತಾರಂತೆ. ಎರಡು ಕುಂಟು ಒಟ್ಟಿಗೆ ರೋಡ್ ದಾಟೋದು ನಂಗೆ ಸರಿ ಕಾಣ್ತಿಲ್ಲ. ಜೊತೆಗೆ ಹೋಗ್ ಬಾಮ್ಮಾ" ಎಂದರು. ಹಾಗೆ ನಾನೂ ಹೊರಟೆ. ಅವರು ಮುಂದೆ ಹಗ್ಗ ಹಿಡಿದು, ನಾನು ಹಿಂದೆ ಗಾಡಿಗಳಿಗೆ ಕೈ ತೋರಿಸುತ್ತ. ಕೆಲವು ದಿನ ಏನೂ ತೊಂದರೆಯಾಗಲಿಲ್ಲ. ಮೈದಾನದಲ್ಲಿ ಅವರು ಅವಳಿಗಿಂತ ಒಂದು ಹೆಜ್ಜೆ ಮುಂದೆ ನಡೆದು, ತಮ್ಮ ಹಿಮ್ಮಡಿಯನ್ನು ಮೆಲ್ಲಗೆ ಊರಿ ತೋರಿಸುತ್ತಿದ್ದರು. "ನೋಡು, ನಂಗೂ ನೋಯುತ್ತೆ. ಊರ್ಲಿಲ್ವಾ ನಾನು? ಊರು ಕಂದಾ." ಮೋತಿ ತುದಿ ಸೋಕಿಸಿ ಎತ್ತಿಕೊಳ್ಳುತ್ತಿದ್ದಳು. ಟಾರಿನ ಮೇಲೆ ಅವಳ ನಡಿಗೆಯ ಸದ್ದು ಟಕ್, ಟಕ್, ಟಕ್, ಆಮೇಲೊಂದು ಖಾಲಿ.

ಆ ಭಾನುವಾರ ರಸ್ತೆ ಎಂದಿಗಿಂತ ಖಾಲಿಯಿತ್ತು. ಖಾಲಿಯಿದ್ದದ್ದಕ್ಕೇ ಬರುವ ಗಾಡಿಗಳಿಗೆ ವೇಗ ಹೆಚ್ಚು. ನಾವು ನಡುರಸ್ತೆಗೆ ಬಂದಿದ್ದೆವು. ಎದುರು ಬದಿಯಲ್ಲಿ ಹೂವಿನವಳು ಬುಟ್ಟಿ ಬಿಚ್ಚುತ್ತಿದ್ದಳು. ಪಕ್ಕದ ಟೀ ಅಂಗಡಿಯ ಮುಂದೆ ನಾಲ್ಕಾರು ಜನ. ಮೇಲ್ಸೇತುವೆಯ ಇಳಿಜಾರಿನಿಂದ ಸಿಟಿ ಬಸ್ಸು ಬಂದದ್ದನ್ನು ಮೊದಲು ನೋಡಿದ್ದು ಹೂವಿನವಳು. ಅವಳು ಎದ್ದು ನಿಂತು, ಯಾರಾದರೂ ಕೂಗುವುದನ್ನೇ ಕೂಗಿದಳು.

"ಬಸ್! ಅಣ್ಣಾ, ಬಸ್! ಬಸ್!"

ಟೀ ಅಂಗಡಿಯವರೂ ದನಿಗೂಡಿಸಿದರು. "ಬಸ್! ಬಸ್! ಬಸ್!"

ಮೋತಿ ನಿಂತಳು.

ಬ್ಯಾಂಡು ನಿಂತಾಗ ನಿಲ್ಲುವ ಹಾಗೆ, ಕೊರಳೆತ್ತಿ, ಕಿವಿ ನೆಟ್ಟಗೆ ಮಾಡಿ. ನಡುರಸ್ತೆಯಲ್ಲಿ. ಕಂಡಕ್ಟರು ಹಗ್ಗ ಒಮ್ಮೆ ಎಳೆದರು, ಅವಳು ಅಲುಗಲಿಲ್ಲ. ಜನ ಇನ್ನೂ ಕೂಗುತ್ತಲೇ ಇದ್ದರು, ಅವಳು ಇನ್ನೂ ಗಟ್ಟಿಯಾಗಿ ನಿಲ್ಲುತ್ತಲೇ ಇದ್ದಳು. ಏನಾಗುತ್ತಿದೆಯೆಂದು ನನಗೆ ಹೊಳೆಯುವಷ್ಟರಲ್ಲಿ ಬಸ್ಸು ಹತ್ತಿರ ಬಂದಿತ್ತು.

ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಬಸ್ಸಿನ ಮುಂಗಾಜಿಗೆ ಇಳಿಬಿಟ್ಟ ಚೆಂಡುಹೂವಿನ ಹಾರ ಕಾಣುತ್ತದೆ, ಅದು ಒಂದು ಕಡೆ ವಾಲುವುದು ಕಾಣುತ್ತದೆ. ಆಮೇಲೆ ಅವರ ಬೆನ್ನು. ಅವರು ಹಗ್ಗ ಬಿಟ್ಟರು. ಮೋತಿಯ ಎದೆಯನ್ನು ಸವರಿಕೊಂಡು ದಾಟಿ, ಅವಳಿಗೂ ಬಸ್ಸಿಗೂ ನಡುವೆ ಹೋಗಿ ನಿಂತರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಕಾಲು ಅಗಲಿಸಿ, ಮಂಡಿ ತುಸುವೇ ಬಗ್ಗಿಸಿ ನಿಂತಿದ್ದರು, ಆ ಬಸ್ಸಿನ ಒಳಗೇ ಇದ್ದು ಬ್ರೇಕ್ ಬೀಳುವುದನ್ನು ಕಾಯುವವರ ಹಾಗೆ. ಬಲಗೈ ಚಾಚಿ, ಹೊಟ್ಟೆಯಿಂದ ಎಬ್ಬಿಸಿದ ಧ್ವನಿಯಲ್ಲಿ ಕೂಗಿದರು:

"ಹೋಲ್ಡಾನ್!"

ಆ ಮಾತನ್ನು ಈ ಊರಿನಲ್ಲಿ ಯಾರು ಕೇಳಿಲ್ಲ? ಸ್ಟಾಪು ಬಂದಾಗ, ಮುದುಕರು ಇಳಿಯುವಾಗ, ಸೆರಗು ಬಾಗಿಲಿಗೆ ಸಿಕ್ಕಿಕೊಂಡಾಗ, ಹಿಂದಿನಿಂದ ಕಂಡಕ್ಟರು ಕೂಗುವುದು ಅದೇ. ಆದರೆ ಬಸ್ಸಿನ ಎದುರು ನಿಂತು ಅದನ್ನು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಗಾಳಿ ಸೀಳಿದಂಥ ಸದ್ದು, ಟೈರಿನ ಕಮಟು, ಒಳಗೆ ಪಾತ್ರೆಗಳು ಉರುಳಿದಂತೆ ಜನ ಮುಗ್ಗರಿಸಿದ್ದು. ಬಸ್ಸು ನಿಂತಿತು. ಅವರ ಅಂಗೈಗೆ ತಾಗಿತೋ ಇಲ್ಲವೋ ನನಗೆ ಕಾಣಲಿಲ್ಲ. ತಾಗಿತೆಂದು ಆಮೇಲೆ ಅವರೇ ಹೇಳಿದರು. "ಬಿಸಿ ಇತ್ತು" ಎಂದರು, ಅಷ್ಟೇ.

ಡ್ರೈವರು ಇಳಿದು ಬಂದ. ಬೈಯಲೆಂದೇ ಇಳಿದವನು ಹತ್ತಿರ ಬಂದು ಕೈ ಮುಗಿದ. "ಸೂರ್ಯ ಕಣ್ಣಿಗೆ ಹೊಡೀತಿತ್ತು ಸಾರ್, ಬಿಳೀ ಕುದ್ರೆ ಕಾಣ್ಲೇ ಇಲ್ಲ. ಹೋಲ್ಡಾನ್ ಅಂತ ಕೇಳಿಸ್ತು. ನಮ್ ಕಂಡಕ್ಟ್ರೇ ಕೂಗಿದ್ ಅನ್ಕೊಂಡೆ. ಕಾಲು ತಾನೇ ಬ್ರೇಕ್ ಮೇಲೆ ಹೋಯ್ತು."

"ಹೋಗ್ಬೇಕು ಮಗಾ, ಹಂಗೇ ಹೋಗ್ಬೇಕು" ಎಂದು ಇವರು ಅವನ ಬೆನ್ನು ತಟ್ಟಿದರು.

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಹಿಂದೆ ಹಾರ್ನುಗಳು ಶುರುವಾದವು. ಮೋತಿ ಮಾತ್ರ ಅಲುಗಲಿಲ್ಲ. ಹೊರಡಲು ಸಾಹೇಬರು ಹೇಳುತ್ತಿದ್ದ ಮಾತು "ಚಲ್." ಆ ಹೊತ್ತಿನಲ್ಲಿ ಅದು ನಮ್ಮಿಬ್ಬರಿಗೂ ಮರೆತೇಹೋಗಿತ್ತು. ಕಂಡಕ್ಟರು ತಬ್ಬಿಬ್ಬಾಗಿ ಅವಳ ಪಕ್ಕೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಆಮೇಲೆ ಬಸ್ಸಿನ ತಗಡಿಗೆ ಬಡಿಯುವಂತೆ ಎರಡು ಸಲ, ಧಪ್ ಧಪ್ ಎಂದು ಅವಳ ಪಕ್ಕೆಗೆ ತಟ್ಟಿ, "ರೈಟ್!" ಎಂದರು. ಮೋತಿ ಹೊರಟಳು. ಬಸ್ಸಿನೊಳಗೆ ಯಾರೋ ಚಪ್ಪಾಳೆ ಹೊಡೆದರು.

ಮೈದಾನದ ಅಂಚು ಮುಟ್ಟಿದ ಮೇಲೆ ಅವರು ಒಂದೇ ಕಾಲಿಗೆ ಚಪ್ಪಲಿಯಿದ್ದ ಹಾಗೇ ನಿಂತು ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು. "ತಾಯಿ, ನೀನು ನೋಡಿದ್ಯಾ?"

"ಏನಣ್ಣಾ?"

"ಅಲ್ಲಿ ನಿಂತಾಗ. ಕಾಲು ಊರಿದ್ಲು. ನಾಲ್ಕೂ."

ನಾನು ನೋಡಿರಲಿಲ್ಲ. ನಾನು ನೋಡಿದ್ದು ಬಸ್ಸನ್ನು. ಅವಳು ಆಗಲೂ ಮಣ್ಣಿನ ಮೇಲೆ ಬಲಗಾಲನ್ನು ಪೂರ್ತಿ ಊರಿಯೇ ನಿಂತಿದ್ದಳು, ಅದೊಂದು ವಿಶೇಷವೇ ಅಲ್ಲವೆನ್ನುವ ಹಾಗೆ ಹುಲ್ಲಿಗೆ ಬಾಯಿ ಹಾಕುತ್ತಾ.

ಮನೆಗೆ ಬಂದು ಅವರು ತೆಂಗಿನ ಮರ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಅಕ್ಕ ಕೊಟ್ಟ ಕಾಫಿ ಲೋಟದಲ್ಲಿ ತುಳುಕಿದ್ದನ್ನು ಅವತ್ತು ನೋಡಿದೆ. ನನಗೆ ತಡೆಯಲಾಗಲಿಲ್ಲ. "ಅಣ್ಣಾ, ನೀವು ಪಕ್ಕಕ್ಕೆ ಬರಬಹುದಿತ್ತು. ಯಾಕೆ ಅಡ್ಡ ಹೋದ್ರಿ?" ಎಂದು ಕೇಳಿಯೇಬಿಟ್ಟೆ. ಕೇಳುವಾಗ ಅಳು ಬಂತು.

ಅವರು ಲೋಟವನ್ನು ಜಗಲಿಯ ಮೇಲಿಟ್ಟರು. "ಅವಳಿಗೆ ನಿಲ್ಲು ಅಂತ ಹೇಳಿದ್ರು, ನಿಂತ್ಲು. ನೋವಿನ ಕಾಲು ಊರಿ ನಿಂತ್ಲು. ಹೇಳಿದ ಮಾತು ಕೇಳಿದ್ದಕ್ಕೆ ಯಾರೂ ಸಾಯಬಾರ್ದಮ್ಮಾ."

ಕುದುರೆ ಯಾಕೆ ನಿಂತಿತೆಂದು ತಿಳಿದ ಹೂವಿನವಳು ಮಧ್ಯಾಹ್ನ ಅಳುತ್ತಾ ಬಂದಳು. "ನನ್ ಬಾಯಿಗೆ ಮಣ್ ಹಾಕ" ಎಂದು ಹಲುಬಿದಳು. "ನಿಂದೇನ್ ತಪ್ಪವ್ವಾ? ಬಸ್ ಬಂದ್ರೆ ಬಸ್ ಅಂತಾನೇ ಅನ್ಬೇಕು. ನಾಳೇನೂ ಹಂಗೇ ಕೂಗು" ಎಂದು ಅವಳನ್ನು ಕಳಿಸಿದರು. ಆಮೇಲೆ ಸಾಹೇಬರಿಗೆ ಫೋನು ಮಾಡಿದರು.

ಆ ಶುಕ್ರವಾರದ ಮಾತು ನನಗೆ ಚೆನ್ನಾಗಿ ನೆನಪಿದೆ. "ಆ ಮಾತು ತೆಗೀಬೇಕು ಸಾಹೇಬ್ರೇ" ಎಂದರು ಇವರು. "ಈ ಊರಲ್ಲಿ ಆ ಮಾತು ರೋಡ್ ರೋಡಲ್ಲೂ ಕೂಗ್ತಾರೆ."

ಸಾಹೇಬರು ಗಡ್ಡ ಸವರಿಕೊಂಡರು. "ಕಂಡಕ್ಟರ್ ಸಾಬ್, ಆ ಲಫ್ಜ್ ನಮ್ ಅಬ್ಬಾದು. ಅವ್ರ ಕುದ್ರೆಗೂ ಅದೇ, ನನ್ ಕುದ್ರೆಗೂ ಅದೇ. ಅದನ್ ತೆಗೆದ್ರೆ ನನ್ ಹತ್ರ ಅವಳ್ಗೆ ಹೇಳೋಕೆ ಏನಿದೆ?"

ಸಾಹೇಬರು ಎದ್ದು ಕೊಟ್ಟಿಗೆಗೆ ಹೋಗಿ, ಮೋತಿಯ ಹಣೆಗೆ ಹಣೆ ಹಚ್ಚಿ ನಿಂತು, ಬಂದು ಎಲೆಯ ಮುಂದೆ ಕೂತರು. ಅಕ್ಕ ಎರಡನೇ ಮುದ್ದೆ ತಂದರು. ಸಾಹೇಬರ ಬಾಯಿ ತೆರೆಯಿತು, ಮುಚ್ಚಿತು. ಎರಡೂ ಅಂಗೈಗಳನ್ನು ಎಲೆಯ ಮೇಲೆ ಕೊಡೆಯಂತೆ ಹಿಡಿದು ಬೇಡವೆಂದು ತಲೆಯಾಡಿಸಿದರು. ಅಂದಿನಿಂದ ಆ ಮನೆಯಲ್ಲಿ ಅವರು ಸಾಕೆನ್ನುತ್ತಿದ್ದದ್ದು ಹಾಗೆಯೇ.

ಆ ಹಿತ್ತಲಲ್ಲಿ ಆ ಮಾತನ್ನು ಯಾರೂ ಆಡಕೂಡದೆಂದು ಆಯಿತು. ಬಸ್ಸಿಗೆ ಗಾಡಿ ಎನ್ನಬೇಕು. "ಮದ್ವೆಯಾಗಿ ನನ್ನ ಕರ್ಕೊಂಡ್ ಬಂದಿದ್ದೇ ಅದ್ರಲ್ಲಿ, ಈಗ ಹೆಸ್ರೇ ಎತ್ತಂಗಿಲ್ವಂತೆ" ಎಂದು ಅಕ್ಕ ಗೊಣಗುತ್ತಲೇ ಪಾಲಿಸಿದರು. ಕಂಡಕ್ಟರು ದಿನಾ ಕಾಲು ತೊಳೆದು ಕೆಳಗಿಳಿಸುವಾಗ "ಹೋಲ್ಡಾನ್" ಎನ್ನುತ್ತಿದ್ದರು, ನಿಂತರೆ ಬೆಲ್ಲ ಕೊಡುತ್ತಿದ್ದರು. ಹೊರಡಲು ಧಪ್ ಧಪ್, "ರೈಟ್." ಹಳೆಯ ಮಾತು ಹೋಗಲು ಗಾಯ ವಾಸಿಯಾಗುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ರಸ್ತೆಯಲ್ಲಿ ಯಾರಾದರೂ ಬಸ್ಸೆಂದು ಕೂಗಿದರೆ ಅವಳ ಕಿವಿ ನಿಮಿರುತ್ತಿತ್ತು. ಅವರು ಕುತ್ತಿಗೆ ಸವರಿ "ನಿಂಗಲ್ಲ, ನಿಂಗಲ್ಲ" ಎನ್ನುತ್ತಿದ್ದರು.

ಡಾಕ್ಟರಮ್ಮ ಬಂದಾಗ ಕೂತೋ ನಿಂತೋ ಮಾತಾಡುವ ಅಗತ್ಯವೇ ಬೀಳಲಿಲ್ಲ. ಎಡಗಾಲಿನ ಬಿಸಿ ಇಳಿದಿತ್ತು. ಗೊರಸು ಬೆಳೆದ ಮೇಲೆ ಹೊಸ ಲಾಳ ಹೊಡೆಸಿದರು. ಆದರೂ ಟಾರು ರಸ್ತೆಯ ಮೆರವಣಿಗೆ ಇನ್ನು ಬೇಡವೆಂದು ಡಾಕ್ಟರಮ್ಮ ಹೇಳಿದ್ದರಿಂದ ಮೋತಿ ಇಲ್ಲಿಯೇ ಉಳಿದಳು. "ತವರುಮನೆ ಸಿಕ್ತು ಅವಳಿಗೆ" ಎಂದರು ಸಾಹೇಬರು.

ಆ ಬೆಳಗನ್ನು ಕುರಿತು ಕಂಡಕ್ಟರು ತಾವಾಗಿ ಮತ್ತೆ ಮಾತೆತ್ತಿದವರಲ್ಲ. ನನಗೆ ಮಾತ್ರ ಈಗಲೂ ಬಸ್ಸು ಗಾಳಿಬ್ರೇಕು ಹಾಕಿದ ಸದ್ದು ಕೇಳಿದರೆ ಕಾಲು ನಿಂತುಹೋಗುತ್ತದೆ. ಹಾರ ವಾಲುತ್ತದೆ, ಬೆನ್ನು ಕಾಣುತ್ತದೆ, ಒಂಟಿ ಚಪ್ಪಲಿ ಕಾಣುತ್ತದೆ. ಬಿಸಿಲು ಇನ್ನೊಂದಿಷ್ಟು ಹೆಚ್ಚಿದ್ದರೆ, ಡ್ರೈವರ ಪಕ್ಕದ ಕಿಟಕಿ ಮುಚ್ಚಿದ್ದರೆ ಎಂದು ಮನಸ್ಸು ಸುತ್ತುತ್ತದೆ. ಒಮ್ಮೆ ಇದನ್ನು ಅವರಿಗೆ ಹೇಳಿಕೊಂಡೆ. "ಹಂಗೆ ಲೆಕ್ಕ ಹಾಕಿದ್ರೆ ಒಂದು ಟ್ರಿಪ್ಪೂ ಹೊಡೆಯೋಕಾಗಲ್ಲ ತಾಯಿ" ಎಂದು ನಕ್ಕರು. ನಗುವಾಗ ಬಲಗೈಯ ಅಂಗೈಯನ್ನು ಪಂಚೆಗೆ ಉಜ್ಜಿಕೊಂಡರು. ಆ ಅಭ್ಯಾಸ ಅವರಿಗೆ ಆ ಭಾನುವಾರದ ಮೊದಲು ಇರಲಿಲ್ಲ.

ಈ ಸಲದ ಬೇಸಿಗೆಯ ಒಂದು ಬೆಳಿಗ್ಗೆ ಕಾಫಿ ಮುಗಿಸಿ, ಲೋಟವನ್ನು ಜಗಲಿಯ ಮೇಲಿಟ್ಟು, ಅವರು ತೆಂಗಿನ ಮರದ ಬುಡದಲ್ಲಿ ಕೂತರು. ಅಡುಗೆಮನೆಯ ಬಾಗಿಲಿನಿಂದ ಅಕ್ಕ ನೋಡಿದರು. ಬಿದ್ದದ್ದನ್ನಲ್ಲ, ಕೂತದ್ದನ್ನು ನೋಡಿಯೇ ಚೀರಿದರು. ನಾನು ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೋತಿ ಕೊಟ್ಟಿಗೆಯಿಂದ ಕತ್ತು ಚಾಚಿ ಅವರ ತಲೆಯನ್ನು ಮೂಸುತ್ತಿದ್ದಳು.

ಮಧ್ಯಾಹ್ನ ಶವದ ವ್ಯಾನು ಬಂತು. ಮುಂಬಾಗಿಲು ಕಿರಿದಾಗಿದ್ದರಿಂದ ಹಿತ್ತಲ ಗೇಟಿನಿಂದಲೇ ಹೊರಡಿಸುವುದೆಂದಾಯಿತು. ಹಳೆಯ ಬಸ್ಸಿನವರು ಅನೇಕರು ಬಂದಿದ್ದರು, ಕೆಲವರು ಡ್ಯೂಟಿಯ ಖಾಕಿಯಲ್ಲೇ. ಸಾಹೇಬರು ಟೋಪಿ ಕೈಯಲ್ಲಿ ಹಿಡಿದು ಮರಕ್ಕೆ ಒರಗಿದ್ದರು. ಚಟ್ಟವನ್ನು ಒಳಗಿಟ್ಟರು. ಹಿಂದಿನ ಬಾಗಿಲು ಮುಚ್ಚಿದ್ದು ಅವರ ಜೊತೆ ಕೆಲಸ ಮಾಡಿದ್ದ ಹಿರಿಯ ಕಂಡಕ್ಟರೊಬ್ಬರು. ಮುಚ್ಚಿ, ಕಣ್ಣೊರೆಸಿಕೊಂಡು, ಇಷ್ಟು ವರ್ಷದ ಅಭ್ಯಾಸ, ವ್ಯಾನಿನ ತಗಡಿಗೆ ಎರಡು ಸಲ ತಟ್ಟಿದರು. ಧಪ್ ಧಪ್.

"ರೈಟ್" ಎಂದರು.

ವ್ಯಾನು ಹೊರಟಿತು. ಕೊಟ್ಟಿಗೆಯಿಂದ ಮೋತಿಯೂ ಹೊರಟಳು. ಅವಳನ್ನು ಕಟ್ಟಿಹಾಕುವುದನ್ನು ಅವರು ಎಂದೋ ಬಿಟ್ಟಿದ್ದರು. ಜನ ಎರಡೂ ಕಡೆ ಸರಿದು ದಾರಿಬಿಟ್ಟರು. ಕಲ್ಲು ಹಾಸಿದ ಹಿತ್ತಲಿನ ಮೇಲೆ ಟಕ್, ಟಕ್, ಟಕ್, ಟಕ್. ನಡುವೆ ಎಲ್ಲೂ ಖಾಲಿಯಿರಲಿಲ್ಲ. ಗೇಟಿನಾಚೆ ಬೀದಿ, ಬೀದಿಯಾಚೆ ಮುಖ್ಯರಸ್ತೆ. ಸಾಹೇಬರು ಎರಡು ಹೆಜ್ಜೆ ಮುಂದೆ ಬಂದರು. ದುಃಖದಲ್ಲಿ ಅವರ ಬಾಯಿಗೆ ಬಂದದ್ದು ತಂದೆಯ ಕಾಲದ ಮಾತೇ. "ಬಸ್ ಮೋತಿ. ಬಸ್, ಬೇಟಾ."

ಅವಳ ಕಿವಿ ಕೂಡ ಅಲುಗಲಿಲ್ಲ. ನಡೆಯುತ್ತಲೇ ಹೋದಳು.

ಗೇಟಿನ ಕಂಬದ ಪಕ್ಕ ಅಕ್ಕ ನಿಂತಿದ್ದರು. ಮಸಣಕ್ಕೆ ಹೆಂಗಸರು ಹೋಗುವ ವಾಡಿಕೆ ಆ ಮನೆಯಲ್ಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಅವರ ಧ್ವನಿ ಬಿದ್ದುಹೋಗಿತ್ತು. ಗಂಡನ ಕಸುಬಿನ ಒಂದು ಮಾತನ್ನೂ ಅವರು ತಮಾಷೆಗಲ್ಲದೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಚಾಚಿ, ಅಂಗೈಯನ್ನು ಮೋತಿಯ ಎದೆಗಿಟ್ಟು, ಗಾಳಿಯಂಥ ಸ್ವರದಲ್ಲಿ ಹೇಳಿದರು:

"ಹೋಲ್ಡಾನ್."

ಮೋತಿ ನಿಂತಳು. ನಾಲ್ಕೂ ಕಾಲು ಊರಿ ನಿಂತಳು.